ಶಿಕಾಗೊ ಕೆರೆಗೆ ಕೋಡಿ ಎಲ್ಲಿ?

2019ರ ಜುಲೈ. ಆಫೀಸಿನವರು ಆರು ವಾರಕ್ಕೆ ಅಂತ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ಗೆ ಕಳಿಸಿದ್ದರು. ಆನ್‌ಸೈಟ್ ಅಂದ್ರೆ ಏನು ಅಂತ ಗೊತ್ತಿರೋರಿಗೆ ಗೊತ್ತು. ಹೋಟೆಲು, ಆಫೀಸು, ಮತ್ತೆ ಹೋಟೆಲು, ನಡುವೆ ಎಂಟಿಆರ್ ಪ್ಯಾಕೆಟ್ಟು. ಹೀಗೇ ವಾಪಸ್ ಹೋದ್ರೆ ಊರಲ್ಲಿ ಏನಂತ ಹೇಳೋದು ಅಂತ ನಾನು, ನಮ್ಮ ಟೀಮಿನ ಇನ್ನಿಬ್ಬರು ಒಂದು ಶುಕ್ರವಾರ ರಾತ್ರಿ ಬಸ್ ಹತ್ತಿ ಶಿಕಾಗೊಗೆ ಹೊರಟೆವು.

ಎರಡು ದಿನದಲ್ಲಿ ಟೂರಿಸ್ಟುಗಳು ಮಾಡೋದನ್ನೆಲ್ಲ ಮಾಡಿದ್ವಿ. ಮಿಲೇನಿಯಂ ಪಾರ್ಕಿನಲ್ಲಿ ಅನೀಶ್ ಕಪೂರ್ ಮಾಡಿದ ಉಕ್ಕಿನ ಆ ದೊಡ್ಡ ಬೀನ್ಸ್ ಕಾಳಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು. ವಿಲ್ಲಿಸ್ ಟವರಿನ 103ನೇ ಮಹಡಿಯ ಗಾಜಿನ ನೆಲದ ಮೇಲೆ ಕಾಲಿಟ್ಟು ಕಣ್ಣು ಮುಚ್ಚಿಕೊಂಡೆ. ಆ ಕಟ್ಟಡ ನಿಲ್ಲೋದಕ್ಕೆ ಲೆಕ್ಕ ಹಾಕಿದ ಎಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್ 1929ರಲ್ಲಿ ಢಾಕಾದಲ್ಲಿ ಹುಟ್ಟಿದವರು. ಅದೇ 1929ರಲ್ಲಿ ಮೈಸೂರಲ್ಲಿ ಹುಟ್ಟಿದ ನಮ್ಮ ಎ.ಕೆ. ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳೋವರೆಗೆ ಇದೇ ಊರಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ನಮ್ಮ ವಚನಗಳು ಇಂಗ್ಲಿಷಿಗೆ ಹೋಗಿ ಜಗತ್ತಿಗೆಲ್ಲ ಗೊತ್ತಾದದ್ದು ಅವರಿಂದ. ಆರ್ಟ್ ಇನ್‌ಸ್ಟಿಟ್ಯೂಟ್ ಮುಂದಿನ ಮೆಟ್ಟಿಲ ಮೇಲೂ ಕೂತು ಬಂದೆವು. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಆ ಕಟ್ಟಡದಲ್ಲೇ.

ಆದರೆ ನಿಜ ಹೇಳ್ತೀನಿ, ನನ್ನ ತಲೇಲಿ ಉಳಿದದ್ದು ಇದ್ಯಾವುದೂ ಅಲ್ಲ. ಅಲ್ಲಿನ ಕೆರೆ.

ಏಳನೇ ಕ್ಲಾಸಲ್ಲಿ ಪಂಚ ಮಹಾಸರೋವರಗಳು ಅಂತ ಬಾಯಿಪಾಠ ಮಾಡಿಸಿದ್ರಲ್ಲ, ಸುಪೀರಿಯರ್, ಮಿಚಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಈರಿ ಅನ್ನೋದನ್ನ ನಾನು ಏರಿ ಅಂತಲೇ ಓದಿಕೊಂಡು, ಅಲ್ಲೂ ನಮ್ಮೂರ ಹಾಗೆ ಕೆರೆ ಏರಿ ಇರುತ್ತೆ ಅಂದುಕೊಂಡಿದ್ದೆ. ಶಿಕಾಗೊ ಇರೋದು ಮಿಚಿಗನ್ ದಂಡೆಯಲ್ಲಿ. ಅದರ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರು. ನಮ್ಮ ಕೋಲಾರ ಜಿಲ್ಲೆಯಂಥ ಹದಿನಾಲ್ಕು ಜಿಲ್ಲೆ ಮುಳುಗಿಸಬಹುದು. ಎದುರು ದಡ ಕಾಣಲ್ಲ. ಅಲೆ ಬಂದು ಬಡಿಯುತ್ತೆ. ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದೆ, ಉಪ್ಪಿಲ್ಲ. ವಾಸನೆ ಇಲ್ಲ.

ಭಾನುವಾರ ಸಂಜೆ ಏಳಕ್ಕೆ ದಂಡೆಯ ಕಲ್ಲಿನ ಮೇಲೆ ಕೂತು ಅಮ್ಮಂಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಸೋಮವಾರ ಬೆಳಗಿನ ಐದೂವರೆ. ಅಮ್ಮ ಹಾಲು ಕರೆದು ಡೈರಿಗೆ ಹೊರಟಿದ್ದಳು. ಫೋನ್ ತಿರುಗಿಸಿ ನೀರು ತೋರಿಸಿದೆ.

"ಇದೇನು ಸಮುದ್ರಾನಾ?"

"ಅಲ್ಲಮ್ಮ, ಕೆರೆ. ಸಿಹಿನೀರು. ಊರೋರೆಲ್ಲ ಕುಡಿಯೋದು ಇದನ್ನೇ."

ಅಮ್ಮ ಸ್ವಲ್ಪ ಹೊತ್ತು ನೋಡಿದಳು. "ಇಷ್ಟು ದೊಡ್ಡ ಕೆರೆಗೆ ತೂಬು ಎಲ್ಲೈತೆ? ಕೋಡಿ ಯಾವ ಕಡೆ ಬೀಳ್ತೈತೆ?"

ನಂಗೆ ಉತ್ತರ ಗೊತ್ತಿರಲಿಲ್ಲ. ಎರಡು ದಿನ ಸುತ್ತಿದ್ದೆ, ಕಟ್ಟಡಗಳ ಎತ್ತರ ಎಲ್ಲ ತಿಳ್ಕೊಂಡಿದ್ದೆ, ಕೆರೆ ಬಗ್ಗೆ ಕೇಳಬೇಕಾದ ಮೊದಲನೇ ಪ್ರಶ್ನೇನೇ ಕೇಳಿರಲಿಲ್ಲ. ಅಮ್ಮಂಗೆ ಅದು ಹೊಳೆಯೋಕೆ ಕಾರಣ ಇದೆ. ನಮ್ಮ ತಾತ ನಮ್ಮೂರ ಕೆರೆಗೆ ನೀರುಗಂಟಿ ಆಗಿದ್ದವರು. ಪೇಟೆಯವರಿಗೆ ಗೊತ್ತಿಲ್ಲದಿದ್ರೆ ಹೇಳಿಬಿಡ್ತೀನಿ. ಏರಿ ಅಂದ್ರೆ ನೀರನ್ನ ತಡೆದು ನಿಲ್ಲಿಸಿರೋ ಮಣ್ಣಿನ ಕಟ್ಟೆ. ತೂಬು ಅಂದ್ರೆ ಗದ್ದೆಗೆ ನೀರು ಬಿಡೋ ಬಾಯಿ. ಕೋಡಿ ಅಂದ್ರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದು ಕೆಳಗಿನ ಊರಿನ ಕೆರೆಗೆ ಹೋಗೋ ಜಾಗ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದನ್ನ ನೋಡ್ಕೊಳ್ಳೋನು ನೀರುಗಂಟಿ. ಸುಗ್ಗಿಯಲ್ಲಿ ಕಣದ ಹತ್ರ ನಿಂತರೆ ಇಷ್ಟು ಅಂತ ಭತ್ತ ಅಳೆದು ಕೊಡೋರು, ಅದೇ ಸಂಬಳ. ತೂಬು ತಾತನ ಕೈಲಿತ್ತು, ಆದ್ರೆ ಕೆರೆ ತಾತಂದಲ್ಲ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಮ್ಮನ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದೆ. ಅದು ನನ್ನನ್ನ ಸುತ್ತಿಸಿ ಸುತ್ತಿಸಿ ವಾಪಸ್ ನಮ್ಮ ಬಿಟಿಎಂ ಲೇಔಟಿಗೇ ತಂದು ಬಿಡ್ತು.

* * *

ಮೊದಲು ತೂಬು.

ಶಿಕಾಗೊ ಹಳೇ ಊರೇನಲ್ಲ. 1833ರಲ್ಲಿ ಪಟ್ಟಣ ಅಂತ ಹೆಸರು ಬಿದ್ದಾಗ ಇದ್ದದ್ದು ಮುನ್ನೂರೈವತ್ತು ಚಿಲ್ಲರೆ ಜನ. 1890ರ ಹೊತ್ತಿಗೆ ಹತ್ತು ಲಕ್ಷ ದಾಟಿತ್ತು. ಊರ ಮಧ್ಯೆ ಒಂದು ಹೊಳೆ, ಶಿಕಾಗೊ ನದಿ ಅಂತ. ಅದು ಹರಿದು ಬಂದು ಕೆರೆ ಸೇರ್ತಿತ್ತು. ಊರಿನ ಕಕ್ಕಸು, ಕಸಾಯಿಖಾನೆಯ ರಕ್ತ, ಕಾರ್ಖಾನೆ ನೀರು ಎಲ್ಲ ಹೊಳೆಗೆ, ಹೊಳೆಯಿಂದ ಕೆರೆಗೆ. ಕುಡಿಯೋ ನೀರೂ ಅದೇ ಕೆರೆಯಿಂದ. 1854ರಲ್ಲಿ ಕಾಲರಾ ಬಂದು ಊರಲ್ಲಿ ನೂರಕ್ಕೆ ಐದಾರು ಜನ ಸತ್ತರು.

ಎಲಿಸ್ ಚೆಸ್ಬ್ರೊ ಅನ್ನೋ ಎಂಜಿನಿಯರ್ ಒಂದು ಉಪಾಯ ಮಾಡಿದ. ದಡದ ಹತ್ರದ ನೀರು ಕೆಟ್ಟಿದ್ರೆ ದೂರದ ನೀರು ತರೋಣ ಅಂತ ಕೆರೆಯ ತಳದ ಕೆಳಗೆ ಎರಡು ಮೈಲಿ ಸುರಂಗ ತೋಡಿಸಿದ. ಅದರ ತುದಿಯಲ್ಲಿ, ನೀರಿನ ಮಧ್ಯೆ, ನೀರು ಒಳಗೆ ತೊಗೊಳ್ಳೋಕೆ ಒಂದು ಕಟ್ಟಡ. 1867ರಲ್ಲಿ ಅದು ಶುರುವಾಯ್ತು. ಅಂಥವು ಈಗಲೂ ಇವೆ. ದಂಡೆಯಲ್ಲಿ ನಿಂತು ದೂರ ನೋಡಿದರೆ ನೀರಿನ ಮೇಲೆ ಒಂದು ಮಂಟಪ ಕೂರಿಸಿದ ಹಾಗೆ ಕಾಣುತ್ತೆ. ನಾನು ಯಾವುದೋ ರೆಸ್ಟೋರೆಂಟು ಅಂದುಕೊಂಡಿದ್ದೆ. ಅದೇ ಅಮ್ಮ ಕೇಳಿದ ತೂಬು.

ತೂಬು ದೂರ ಹೋದರೂ ಹೊಳೆಯ ಗಲೀಜು ಅದರ ಹಿಂದೆಯೇ ಹೋಗ್ತಿತ್ತು. ನಾವು ಹತ್ತಿದ ದೋಣಿಯ ಗೈಡು ಒಂದು ಕಥೆ ಹೇಳಿದ. 1885ರಲ್ಲಿ ದೊಡ್ಡ ಮಳೆ ಬಂದು, ಹೊಲಸೆಲ್ಲ ಕುಡಿಯೋ ನೀರಿಗೆ ಸೇರಿ ತೊಂಬತ್ತು ಸಾವಿರ ಜನ ಸತ್ತರು ಅಂತ. ಆಮೇಲೆ ಓದಿದೆ, ಮಳೆ ನಿಜ, ಸಾವಿನ ಲೆಕ್ಕ ಕಟ್ಟುಕಥೆ. ಆದರೆ ಭಯ ಮಾತ್ರ ನಿಜ. ಆ ಭಯದಲ್ಲೇ ಊರು ಒಂದು ವಿಚಿತ್ರ ಕೆಲಸಕ್ಕೆ ಕೈ ಹಾಕ್ತು. ಹೊಳೆಯನ್ನೇ ಹಿಂದಕ್ಕೆ ತಿರುಗಿಸೋದು!

1892ರ ಸೆಪ್ಟೆಂಬರಿನಲ್ಲಿ ಕೆಲಸ ಶುರು. 28 ಮೈಲಿ, ಅಂದ್ರೆ 45 ಕಿಲೋಮೀಟರ್ ಉದ್ದದ ಕಾಲುವೆ ತೋಡಿದರು. ಅದರ ತಳ ಹೊಳೆಗಿಂತ ತಗ್ಗು. 1900ರ ಜನವರಿಯಲ್ಲಿ ಅಡ್ಡ ಇದ್ದ ಕಟ್ಟೆ ಒಡೆದಾಗ, ಅಷ್ಟು ವರ್ಷ ಕೆರೆ ಕಡೆ ಹರೀತಿದ್ದ ಹೊಳೆ ಕೆರೆಗೆ ಬೆನ್ನು ತಿರುಗಿಸಿ ಎದುರು ದಿಕ್ಕಿಗೆ ಹರಿಯಿತು. ಅವತ್ತಿಂದ ಊರಿನ ಕೊಳಚೆ ಕೆರೆಗೆ ಬರೋದು ನಿಂತಿತು. ಅದು ಎಲ್ಲಿಗೆ ಹೋಯ್ತು ಅನ್ನೋದು ಕೋಡಿಯ ವಿಷಯ, ಕೊನೆಗೆ ಹೇಳ್ತೀನಿ.

* * *

ಇನ್ನು ಏರಿ. ನಿಜವಾದ ಏರಿ ಅಲ್ಲಿಲ್ಲ, ಅದು ಮನುಷ್ಯರು ಕಟ್ಟಿದ ಕೆರೆ ಅಲ್ಲವಲ್ಲ. ಆದರೆ ಕೆರೆಯನ್ನ ನುಂಗೋರಿಂದ ತಡೆಯೋ ಏರಿ ಒಂದಿದೆ. ಅದು ಕಾಗದದ್ದು.

ಶಿಕಾಗೊದಲ್ಲಿ ನಂಗೆ ಹೊಟ್ಟೆಕಿಚ್ಚು ಬಂದದ್ದು ಕಟ್ಟಡಗಳನ್ನ ನೋಡಿ ಅಲ್ಲ. ಅಷ್ಟೊಂದು ದುಡ್ಡಿನ ಊರಲ್ಲಿ ಕೆರೆ ದಂಡೆ ಉದ್ದಕ್ಕೂ ಪಾರ್ಕು, ಬೀಚು, ನಡೆಯೋ ದಾರಿ. ಸೈಕಲ್ಲು, ಕಾಲ್ನಡಿಗೆಗೆ ಅಂತ ಇರೋ ದಾರಿಯೇ ಸುಮಾರು 30 ಕಿಲೋಮೀಟರು. ಗೇಟಿಲ್ಲ, ಟಿಕೆಟ್ಟಿಲ್ಲ, ವಾಚ್‌ಮನ್ ಇಲ್ಲ. ಲೇಕ್ ವ್ಯೂ ಅಪಾರ್ಟ್‌ಮೆಂಟಿನ ಹಿಂದೆ ಇಣುಕಿ ನೋಡಬೇಕಾದ ಕೆರೆ ಅಲ್ಲ ಅದು. ಇದು ಹೇಗೆ ಉಳೀತು?

1836ರಲ್ಲಿ ಊರಿನ ಸೈಟುಗಳನ್ನ ಮಾರೋಕೆ ನಕ್ಷೆ ಮಾಡಿದಾಗ ಕಾಲುವೆ ಕಮಿಷನರುಗಳು ಕೆರೆ ಪಕ್ಕದ ಜಾಗದ ಮೇಲೆ ಒಂದು ಷರಾ ಬರೆದರು. ಇದು ಸಾರ್ವಜನಿಕರ ಜಾಗ, ಇಲ್ಲಿ ಎಂದೆಂದಿಗೂ ಕಟ್ಟಡವಾಗಲೀ ಅಡ್ಡಿಯಾಗಲೀ ಬರಕೂಡದು ಅನ್ನೋದು ಅದರ ಸಾರಾಂಶ. ನಮ್ಮಲ್ಲೂ ಕಂದಾಯ ನಕ್ಷೆಯಲ್ಲಿ ಕೆರೆ, ಗೋಮಾಳ, ಗುಂಡುತೋಪು ಅಂತ ಬರೆದಿರೋದಿಲ್ವೇ, ಹಾಗೇ. ಬರೆದಿದ್ದು ಉಳಿಯುತ್ತೆ ಅನ್ನೋ ಗ್ಯಾರಂಟಿ ಅಲ್ಲೂ ಇರಲಿಲ್ಲ. 1869ರಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆ ಊರ ಮುಂದಿನ ಕೆರೆಯ ತಳವನ್ನೇ, ಸಾವಿರ ಎಕರೆಗೂ ಹೆಚ್ಚು, ಇಲಿನಾಯ್ ಸೆಂಟ್ರಲ್ ಅನ್ನೋ ರೈಲ್ವೆ ಕಂಪನಿಗೆ ಕೊಟ್ಟುಬಿಡ್ತು. ಜನ ಬೈದರು. 1873ರಲ್ಲಿ ಸಭೆ ಕೊಟ್ಟಿದ್ದನ್ನ ವಾಪಸ್ ತಗೊಳ್ತು. ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯ್ತು.

1892ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಕೆರೆಯ ತಳ ಸರ್ಕಾರದ್ದೇ, ಆದರೆ ಸರ್ಕಾರ ಅದಕ್ಕೆ ಮಾಲೀಕ ಅಲ್ಲ, ಜನರ ಪರವಾಗಿ ನೋಡಿಕೊಳ್ಳೋ ಧರ್ಮದರ್ಶಿ ಮಾತ್ರ. ತನ್ನದಲ್ಲದ್ದನ್ನ ಹಾಗೆ ಪರಭಾರೆ ಮಾಡೋ ಹಕ್ಕು ಅದಕ್ಕಿಲ್ಲ ಅಂತ. ನಾಲ್ಕು ನ್ಯಾಯಮೂರ್ತಿಗಳು ಹೌದು ಅಂದ್ರು, ಮೂವರು ಅಲ್ಲ ಅಂದ್ರು. ಒಂದು ಓಟಲ್ಲಿ ಉಳಿದ ಕೆರೆ ಅದು. ಓದಿದಾಗ ನಂಗೆ ನೆನಪಾದದ್ದು ತಾತ. ತೂಬು ಕೈಲಿದೆ, ಕೆರೆ ನಂದಲ್ಲ. ಅಷ್ಟು ಪುಟದ ತೀರ್ಪಿನ ಸಾರ ಇಷ್ಟೇ.

ಅಂದ ಹಾಗೆ ಆ 1892 ನಮಗೂ ಮುಖ್ಯವಾದ ವರ್ಷ. ನಮ್ಮ ನದಿಗಳಿಗೆ ಮೈಸೂರು ಸಂಸ್ಥಾನ ಹೊಸದಾಗಿ ಅಣೆಕಟ್ಟು ಕಟ್ಟಬೇಕಾದ್ರೆ ಮದ್ರಾಸಿನ ಒಪ್ಪಿಗೆ ಬೇಕು ಅಂತ ಒಪ್ಪಂದ ಆದದ್ದು ಆ ವರ್ಷದ ಫೆಬ್ರವರಿಯಲ್ಲಿ. ಕಾವೇರಿ ಜಗಳದ ಬೇರು ಅಲ್ಲಿದೆ. ವಿವೇಕಾನಂದರು ಮೈಸೂರಲ್ಲಿ ಚಾಮರಾಜೇಂದ್ರ ಒಡೆಯರನ್ನ ಕಂಡದ್ದೂ ಆ ವರ್ಷದ ಕೊನೆಯಲ್ಲೇ. ನೀರು ಯಾರದ್ದು ಅನ್ನೋ ಪ್ರಶ್ನೆ ಒಂದೇ ವರ್ಷದಲ್ಲಿ ಎರಡು ಕಡೆ ಎರಡು ದಾರಿ ಹಿಡಿದಿತ್ತು.

ಕಾನೂನು ಬಂದರೆ ಸಾಲದು, ಕಾಯೋರು ಬೇಕಲ್ಲ. ಆರನ್ ಮಾಂಟ್‌ಗೊಮರಿ ವಾರ್ಡ್ ಅನ್ನೋ ವ್ಯಾಪಾರಿ ಇದ್ದ. ಅಂಚೆಯಲ್ಲಿ ಪಟ್ಟಿ ಕಳಿಸಿ ಹಳ್ಳಿ ರೈತರಿಗೆ ಸಾಮಾನು ಮಾರಿ ದುಡ್ಡು ಮಾಡಿದೋನು, ಅಂದಿನ ಫ್ಲಿಪ್‌ಕಾರ್ಟ್ ಅನ್ನಿ. ಅವನ ಆಫೀಸಿನ ಎದುರಿಗೇ ಆ 1836ರ ಜಾಗ. ಅಲ್ಲಿ ಯಾರು ಏನು ಕಟ್ಟೋಕೆ ಹೋದರೂ 1890ರಿಂದ 1911ರವರೆಗೆ ಕೋರ್ಟಿಗೆ ಎಳೆದ. ಫೀಲ್ಡ್ ಮ್ಯೂಸಿಯಂ ಪಾರ್ಕಿನ ನಡುವೆ ಬರ್ಬೇಕಿತ್ತು, ಬಿಡಲಿಲ್ಲ, ಅದು ದಕ್ಷಿಣಕ್ಕೆ ಸರೀಬೇಕಾಯ್ತು. ಒಳ್ಳೇ ಮ್ಯೂಸಿಯಮ್ಮಿಗೂ ಅಡ್ಡ ಬರ್ತಾನೆ ಅಂತ ಊರಿನ ದೊಡ್ಡೋರೆಲ್ಲ ಬೈದರು. ಆ ಕಾಲದಲ್ಲಿ ಅಲ್ಲಿ ಎದ್ದು ನಿಂತ ದೊಡ್ಡ ಕಟ್ಟಡ ವಿವೇಕಾನಂದರು ಮಾತಾಡಿದ ಆರ್ಟ್ ಇನ್‌ಸ್ಟಿಟ್ಯೂಟ್ ಒಂದೇ ಅನ್ನಬಹುದು.

ಇಲ್ಲಿಗೆ ನಿಲ್ಲಿಸಿದ್ರೆ ಅಮೆರಿಕದವರನ್ನ ಹೊಗಳೋ ಇನ್ನೊಂದು ಪ್ರವಾಸ ಕಥನ ಆಗ್ತಿತ್ತು. ಆದರೆ ನಾನು ಹೋಗಿದ್ದು 2019ರ ಜುಲೈನಲ್ಲಿ. ಸರಿಯಾಗಿ ನೂರು ವರ್ಷದ ಹಿಂದೆ, 1919ರ ಜುಲೈ 27ರಂದು, ಅದೇ ಕೆರೆಯ ದಂಡೆಯಲ್ಲಿ ಒಂದು ಘಟನೆ ನಡೀತು. ಯೂಜೀನ್ ವಿಲಿಯಮ್ಸ್ ಅಂತ ಕಪ್ಪು ಹುಡುಗ, ಹದಿನೇಳು ವರ್ಷ. ಗೆಳೆಯರ ಜೊತೆ ತೆಪ್ಪದ ಮೇಲೆ ಈಜಾಡ್ತಿದ್ದ. 29ನೇ ಬೀದಿಯ ಹತ್ರ ಬಿಳಿಯರ ದಂಡೆ ಬೇರೆ, ಕಪ್ಪುಜನರ ದಂಡೆ ಬೇರೆ. ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ತೆಪ್ಪ ತೇಲ್ತಾ ಆ ಕಾಣದ ಗೆರೆ ದಾಟಿತು. ದಡದಿಂದ ಒಬ್ಬ ಕಲ್ಲು ಹೊಡೆದ. ಹುಡುಗ ಮುಳುಗಿ ಸತ್ತ. ಕಲ್ಲು ಹೊಡೆದವನನ್ನ ಪೊಲೀಸಿನವನು ಹಿಡಿಯಲಿಲ್ಲ. ಆಮೇಲೆ ಎದ್ದ ಗಲಭೆಯಲ್ಲಿ 38 ಜನ ಸತ್ತರು, ಅದರಲ್ಲಿ 23 ಜನ ಕಪ್ಪುಜನ. ದಂಡೆಯ ನಡಿಗೆ ದಾರಿಯ ಪಕ್ಕ ಅವನ ನೆನಪಿಗೆ ಒಂದು ಸಣ್ಣ ಫಲಕ ಇದೆ. ಸೈಕಲ್ಲಿನವರು ನೋಡದೇನೇ ದಾಟಿಹೋಗ್ತಾರೆ.

ಎಂದೆಂದಿಗೂ ಎಲ್ಲರದ್ದು ಅಂತ ನಕ್ಷೆಯಲ್ಲಿ ಬರೆದು ಎಂಬತ್ತಮೂರು ವರ್ಷ ಆಗಿತ್ತು ಅವತ್ತಿಗೆ.

ನಂಗೆ ಇದು ಹೊಸದಾಗಿ ಕಾಣಲಿಲ್ಲ. ನಮ್ಮ ತಾತ ಬಿಟ್ಟ ನೀರಲ್ಲಿ ಬೆಳೆದ ಅಕ್ಕಿ ಊರಲ್ಲಿ ಎಲ್ಲರ ಮನೆಗೂ ಹೋಗ್ತಿತ್ತು. ತಾತ ಮುಟ್ಟಿದ ಕೊಡ ಮಾತ್ರ ಊರ ಸೇದೋ ಬಾವಿಗೆ ಇಳಿಯೋ ಹಾಗಿರಲಿಲ್ಲ. ಕೇರಿಯವರು ಬಾವಿ ಹತ್ರ ಕೊಡ ಇಟ್ಟು, ಯಾರಾದ್ರೂ ಸೇದಿ ಹುಯ್ಯಲಿ ಅಂತ ಕಾಯ್ತಿದ್ರಂತೆ. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲೂ ಹಾಗೇ ಇತ್ತು ಅಂತಾಳೆ. ಅಂಬೇಡ್ಕರ್ ಅವರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು 1927ರಲ್ಲಿ. ನಮ್ಮೂರಿಗೆ ಅದು ಬರೋಕೆ ಇನ್ನೂ ಅರವತ್ತು ವರ್ಷ ಹಿಡೀತು. ಅದೂ ಮನಸ್ಸು ಬದಲಾಗಿ ಅಲ್ಲ. ಬೋರ್‌ವೆಲ್ಲು, ನಲ್ಲಿ ಬಂದು ಬಾವಿ ಯಾರಿಗೂ ಬೇಡವಾಯ್ತು, ಅಷ್ಟೆ.

* * *

ಈಗ ಬಿಟಿಎಂಗೆ ಬನ್ನಿ. ಹನ್ನೊಂದು ವರ್ಷದಿಂದ ಇಲ್ಲಿ ಎರಡನೇ ಸ್ಟೇಜಿನಲ್ಲಿ ಬಾಡಿಗೆಗಿದ್ದೀನಿ. ಬಿಟಿಎಂ ಅನ್ನೋದು ಯಾವುದೋ ಇಂಗ್ಲಿಷ್ ಹೆಸರಿನ ಮೊದಲಕ್ಷರ ಅಂತ ನಮ್ಮ ಆಫೀಸಿನಲ್ಲಿ ಎಷ್ಟೋ ಜನ ಅಂದುಕೊಂಡಿದ್ದಾರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಸಂದ್ರ ಅಂದ್ರೆ ಸಮುದ್ರ, ದೊಡ್ಡ ಕೆರೆಗೆ ನಮ್ಮ ಹಿರಿಯರು ಪ್ರೀತಿಯಿಂದ ಕೊಟ್ಟ ಹೆಸರು. ಅಮ್ಮ ಶಿಕಾಗೊದಲ್ಲಿ ನೋಡಿ ಕೇಳಿದ್ಲಲ್ಲ, ಅದೇ ಮಾತು. ತಾವರೆಕೆರೆಯಂತೂ ತಾನೇ ಹೇಳುತ್ತೆ. ಅಂದ್ರೆ ನಮ್ಮ ಲೇಔಟಿನ ಮೂರಕ್ಷರದಲ್ಲಿ ಎರಡು ಕೆರೆ. ಮೂರನೆಯದರ ಹೆಸರಲ್ಲೂ ಒಂದು ಕೆರೆ ಇದೆ, ಮಡಿವಾಳ ಕೆರೆ, ಇನ್ನೂರೈವತ್ತು ಎಕರೆಗೂ ಮೇಲೆ.

ಮಡಿವಾಳದ ಸೋಮೇಶ್ವರ ದೇವಸ್ಥಾನದ ಗೋಡೆಗಳ ಮೇಲೆ ಹಳೇ ತಮಿಳು ಶಾಸನಗಳಿವೆ. ಒಂದು 1247ರದ್ದು. ಈ ಶಾಸನಗಳಲ್ಲಿ ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನಿನ ಮಾತು ಬರುತ್ತೆ, ತಾಮರೈಕ್ಕಿರೈ ಅನ್ನೋ ಹೆಸರೂ ಬರುತ್ತೆ. ಅದೇ ನಮ್ಮ ತಾವರೆಕೆರೆ ಅಂತಾರೆ. ಶಿಕಾಗೊ ಪಟ್ಟಣ ಆಗೋಕೆ ನೂರಾರು ವರ್ಷ ಮೊದಲೇ ಇಲ್ಲಿ ಕೆರೆ ಕೆಳಗೆ ಗದ್ದೆ ಮಾಡಿ, ಅದನ್ನ ಕಲ್ಲಿನಲ್ಲಿ ಬರೆಸಿಟ್ಟಿದ್ದರು. ಅಂಥ ಊರು ಕೆರೆಗಳನ್ನ ಕಳಕೊಂಡದ್ದು ಹೇಗೆ?

ದುರಾಸೆ, ಲಂಚ ಎಲ್ಲ ಇದೆ, ಇಲ್ಲ ಅನ್ನಲ್ಲ. ಆದರೆ ಅದು ಶಿಕಾಗೊದಲ್ಲೂ ಇತ್ತು. ನಂಗೆ ತೋಚೋ ವ್ಯತ್ಯಾಸ ಬೇರೆ. ಶಿಕಾಗೊ ತನ್ನ ಕೆರೆಯ ನೀರು ಕುಡಿಯೋದನ್ನ ಯಾವತ್ತೂ ಬಿಡಲಿಲ್ಲ. ನಾವು ಬಿಟ್ಟೆವು. 1896ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ. 1974ರಲ್ಲಿ ಕಾವೇರಿ, ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಹೊಡೆದು. ನಲ್ಲಿ ತಿರುಗಿಸಿದರೆ ನೀರು ಬರೋ ಹಾಗಾದ ಮೇಲೆ ಕೆರೆ ಏನಕ್ಕೆ? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಾಯ್ತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು. ಚಲ್ಲಘಟ್ಟ ಗಾಲ್ಫ್ ಮೈದಾನ ಆಯ್ತು. ಕೋರಮಂಗಲ ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಮನೆಗಳೆದ್ದವು. ಉಳಿದವು ಚರಂಡಿ ಬಂದು ನಿಲ್ಲೋ ಗುಂಡಿಗಳಾದವು. 1871ರಲ್ಲಿ ಶಿಕಾಗೊಗೆ ಬೆಂಕಿ ಬಿದ್ದಾಗ ಜನ ಓಡಿ ಹೋಗಿ ಕೆರೆಗಿಳಿದು ಜೀವ ಉಳಿಸಿಕೊಂಡರು. ನಮ್ಮಲ್ಲಿ 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೇ ಬೆಂಕಿ ಬಿತ್ತು. ನಾವು ಎಲ್ಲಿಗೆ ಓಡೋದು?

ಕಾನೂನು ಮಾತ್ರ ನಮಗೂ ಬಂದಿದೆ. ಸೋಜಿಗ ಏನಂದ್ರೆ, ಅದು ಬಂದದ್ದು ಶಿಕಾಗೊದಿಂದಲೇ. 1996ರ ಡಿಸೆಂಬರ್‌ನಲ್ಲಿ ಹಿಮಾಚಲದ ಬಿಯಾಸ್ ನದಿ ದಂಡೆಯ ಒಂದು ಹೋಟೆಲಿನ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಆ 1892ರ ತೀರ್ಪನ್ನ ಎತ್ತಿಕೊಂಡು, ಈ ತತ್ವ ನಮ್ಮ ದೇಶದ ಕಾನೂನೂ ಹೌದು ಅಂತು. 2006ರಲ್ಲಿ ತಿರುಪತಿಯ ಅವಿಲಾಲ, ಪೇರೂರು ಕೆರೆಗಳ ಕೇಸಿನಲ್ಲಿ ಮನುಷ್ಯರು ಕಟ್ಟಿದ ಕೆರೆಗೂ ಅದು ಅನ್ವಯ ಅಂತು. ಬೆಂಗಳೂರಲ್ಲಿ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪಿನವರು ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ವರದಿ ಕೊಡ್ತು. ಹೀಗೆ ಒಂದು ರೈಲ್ವೆ ಕಂಪನಿಯ ಹಳೇ ಜಗಳ ನಮ್ಮ ಮನೆ ಹಿಂದಿನ ಕೆರೆಯ ಕಾವಲಿಗೆ ಬಂದು ನಿಂತಿದೆ. ಮಡಿವಾಳ ಕೆರೆಗೆ ಹೆಜ್ಜಾರ್ಲೆಗಳು ಬಂದು ಇಳಿಯೋದನ್ನ ಬೇಲಿಯ ಈಚೆ ನಿಂತು ನೋಡೋವಾಗ ನಂಗೆ ಇದು ಜ್ಞಾಪಕ ಬರುತ್ತೆ.

ಹಾಗಂತ ಆ ನೀರು ಕುಡಿಯೋಕೆ ಆಗುತ್ತಾ? ಇಲ್ಲ. ನಮ್ಮ ಬಿಲ್ಡಿಂಗಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತೆ.

* * *

ಕೊನೆಯದು, ಅಮ್ಮನ ಕೋಡಿ.

ಶಿಕಾಗೊದ ಹೊಳೆ ತಿರುಗಿತು, ಕೆರೆ ಉಳೀತು ಅಂದೆನಲ್ಲ. ಆ ಗಲೀಜು ಕಾಲುವೆಯಿಂದ ಡೆಸ್ ಪ್ಲೇನ್ಸ್ ನದಿಗೆ, ಅಲ್ಲಿಂದ ಇಲಿನಾಯ್ ನದಿಗೆ, ಕೊನೆಗೆ ಮಿಸಿಸಿಪ್ಪಿಗೆ ಹೋಯ್ತು. ಅದರ ದಂಡೆಯಲ್ಲಿ ಕೆಳಗಡೆ ಇರೋದು ಸೇಂಟ್ ಲೂಯಿಸ್. ಅವರೂ ಅದೇ ನದಿ ನೀರು ಕುಡಿಯೋರು. ನಿಮ್ಮ ಕಕ್ಕಸು ನಮ್ಮ ಲೋಟಕ್ಕಾ ಅಂತ ಮಿಸೌರಿ ರಾಜ್ಯದವರು ಕೋರ್ಟಿಗೆ ಹೋದರು. ಕೋರ್ಟು ತಡೆ ಕೊಟ್ಟುಬಿಟ್ಟರೆ ಕಷ್ಟ ಅಂತಲೇ ಶಿಕಾಗೊದವರು ಆ ಜನವರಿಯಲ್ಲಿ ಅಷ್ಟು ತರಾತುರಿಯಲ್ಲಿ ಕಟ್ಟೆ ಒಡೆದದ್ದು. 1906ರಲ್ಲಿ, ನಿಮಗೆ ಬಂದ ಕಾಯಿಲೆ ಅವರಿಂದಲೇ ಬಂತು ಅನ್ನೋದಕ್ಕೆ ಸಾಕ್ಷಿ ಸಾಲದು ಅಂತ ಕೇಸು ವಜಾ ಆಯ್ತು. ಚರಂಡಿ ನೀರು ಶುದ್ಧ ಮಾಡೋ ದೊಡ್ಡ ಘಟಕಗಳು ಶಿಕಾಗೊದಲ್ಲಿ ಬಂದದ್ದು ಆಮೇಲೆ.

ಇದನ್ನ ಓದೋವಾಗ ನಂಗೆ ಮೈ ಜುಮ್ ಅಂತು. ಯಾಕಂದ್ರೆ ಸೇಂಟ್ ಲೂಯಿಸ್ ನಂಗೆ ಗೊತ್ತಿರೋ ಊರು. ಅದು ಕೋಲಾರ ತಾಲೂಕಿನಲ್ಲಿದೆ.

ಮಡಿವಾಳ ಕೆರೆ ಕೋಡಿ ಬಿದ್ದರೆ ಅಗರ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಇದೇ ಕೋರಮಂಗಲ–ಚಲ್ಲಘಟ್ಟ ಕಣಿವೆ, ಪೇಪರಿನಲ್ಲಿ ಬರೋ ಕೆ.ಸಿ. ವ್ಯಾಲಿ. ನಾವು ಬಿಟಿಎಂನವರು ಸ್ನಾನ ಮಾಡಿದ್ದು, ಪಾತ್ರೆ ತೊಳೆದದ್ದು, ಫ್ಲಶ್ ಮಾಡಿದ್ದು ಎಲ್ಲ ಇದೇ ಕಣಿವೆಗೆ ಇಳಿಯುತ್ತೆ. 2018ರ ಜೂನಿನಿಂದ ಈ ಕಣಿವೆಯ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ, ಪೈಪಿನಲ್ಲಿ ಪಂಪು ಹೊಡೆದು, ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬಿಡ್ತಾರೆ. ಅಲ್ಲಿಂದ ಕೆರೆ ಕೆರೆ ಕೋಡಿ ಬಿದ್ದು ಮುಂದಕ್ಕೆ. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರು, 126 ಕೆರೆ. ಆ ಸಾಲಿನಲ್ಲಿ ನಮ್ಮೂರ ಕೆರೆಯೂ ಒಂದು.

ಕೋಲಾರದಲ್ಲಿ ವರ್ಷವಿಡೀ ಹರಿಯೋ ಹೊಳೆ ಇಲ್ಲ. ಇರೋದೆಲ್ಲ ಕೆರೆ. ನಾನು ಬಿಇ ಮುಗಿಸೋ ಹೊತ್ತಿಗೆ ನಮ್ಮೂರ ಕೆರೆಯಲ್ಲಿ ಜಾಲಿ ಬೆಳೆದು ಹುಡುಗರು ಕ್ರಿಕೆಟ್ ಆಡ್ತಿದ್ದರು. ಬೋರ್‌ವೆಲ್ಲು ಸಾವಿರದಿನ್ನೂರು ಅಡಿ ಇಳಿದರೂ ಧೂಳು ಬರ್ತಿತ್ತು. ತಾತ ಸತ್ತಾಗ ತೂಬಿನ ಬಾಯಿ ಒಣಗಿ ಹತ್ತು ವರ್ಷ ಆಗಿತ್ತು. ಅಂಥ ಕೆರೆಗೆ ನೀರು ಬಂದರೆ ಜನ ಬೇಡ ಅಂತಾರಾ? ಬೇಡ ಅಂದವರೂ ಇದ್ದರು. ಇನ್ನೊಂದು ಹಂತ, ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ, ಇಲ್ಲದಿದ್ರೆ ಅಂತರ್ಜಲ ಕೆಡುತ್ತೆ ಅಂತ ಹೋರಾಟಗಾರರು ಕೋರ್ಟಿಗೆ ಹೋದರು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಕಡೆ ಹೋಗಿ ಬಂತು. ಅವರು ಹೇಳೋದರಲ್ಲಿ ಹುರುಳಿದೆ. ಬಾಯಾರಿದವನ ಮುಂದೆ ಲೋಟ ಹಿಡಿದು ಇದರಲ್ಲಿ ಏನಿದೆ ಅಂತ ಕೇಳಬೇಡ ಅನ್ನೋದು ನ್ಯಾಯ ಅಲ್ಲ. ಹಾಗೇ ಬಾಯಾರಿದವನ ಕೈಯಿಂದ ಲೋಟ ಕಿತ್ತುಕೊಳ್ಳೋಕೂ ನಂಗೆ ಮನಸ್ಸು ಬರಲ್ಲ. ನಾನಿರೋದು ಮೇಲಿನ ಊರಿನಲ್ಲಿ, ನನ್ನ ಹೆತ್ತವಳು ಇರೋದು ಕೆಳಗಿನ ಊರಿನಲ್ಲಿ.

ತಾತನ ಕಾಲದಲ್ಲಿ ಇದಕ್ಕೊಂದು ಕಟ್ಟುಪಾಡಿತ್ತು. ಮೇಲಿನ ಕೆರೆಯವರು ಕೋಡಿಗೆ ಅಡ್ಡ ಕಲ್ಲಿಡೋ ಹಾಗಿಲ್ಲ, ಕೆಳಗಿನ ಕೆರೆಗೆ ಹೋಗೋ ನೀರನ್ನ ಕೆಡಿಸೋ ಹಾಗಿಲ್ಲ. ಕೆರೆ ನಿಮ್ಮದು ಅಂದ್ರೆ ಅದರ ಕೋಡಿಯೂ ನಿಮ್ಮ ಜವಾಬ್ದಾರಿ. ಶಿಕಾಗೊ ತನ್ನ ಕೆರೆಯನ್ನ ಚೆನ್ನಾಗೇ ಕಾಪಾಡಿಕೊಂಡಿತು, ಕೋಡಿಯ ವಿಷಯದಲ್ಲಿ ಕೈ ಕೊಡವಿಕೊಂಡಿತು. ಬೆಂಗಳೂರಿಗೆ ಎರಡೂ ಆಗಲಿಲ್ಲ.

ಆ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದೆ. ಸಂಜೆ ಅಮ್ಮನ ಜೊತೆ ಕೆರೆ ಏರಿ ಮೇಲೆ ನಡೆದೆ. ನಾನು ಹುಟ್ಟಿದ ಮೇಲೆ ಅಷ್ಟು ನೀರು ಅಲ್ಲಿ ಕಂಡಿದ್ದು ಅದೇ ಮೊದಲು. ಹಸಿರು ಬಣ್ಣ, ಸಣ್ಣಗೆ ಒಂದು ವಾಸನೆ, ದಡದಲ್ಲಿ ಅಲ್ಲಲ್ಲಿ ನೊರೆ. ಕೊಕ್ಕರೆಗಳು ಬಂದಿದ್ದವು. ಮೂರು ವರ್ಷದಿಂದ ನಿಂತಿದ್ದ ಪಕ್ಕದ ತೋಟದ ಬೋರು ಮತ್ತೆ ನೀರು ಎತ್ತುತ್ತಿತ್ತು. ಕುಡಿಯೋಕೆ ಮಾತ್ರ ಎಲ್ಲರೂ ಐದು ರೂಪಾಯಿ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತಾರೆ. ಮುಟ್ಟಬೇಡ ಅಂತ ಯಾರೂ ಯಾರಿಗೂ ಹೇಳಲ್ಲ ಈಗ. ಮುಟ್ಟೋಕೆ ಎಲ್ಲರಿಗೂ ಅಷ್ಟೇ ಹೆದರಿಕೆ.

ಕೋಡಿ ಹತ್ರ ನಿಂತು ಅಮ್ಮಂಗೆ ಶಿಕಾಗೊ ಹೊಳೆಯ ಕಥೆ ಪೂರ್ತಿ ಹೇಳಿದೆ. ನೀನು ಕೇಳಿದ್ಯಲ್ಲ ಕೋಡಿ, ಅದು ಇಂಥ ಕಡೆ ಬೀಳುತ್ತೆ ಅಂದೆ. ಅಮ್ಮ ಕೇಳಿಸಿಕೊಂಡು, ಕೆರೆ ಕಡೆ ಕೈ ತೋರಿಸಿ ಕೇಳಿದಳು.

"ಹಂಗಾದ್ರೆ ಈ ನೀರು ನಿಮ್ಮ ಬಿಟಿಎಂದಾ?"

"ಹೂಂ ಅಮ್ಮ. ನಮ್ಮನೆ ಬಚ್ಚಲದ್ದೂ ಇದರಲ್ಲಿದೆ."

ಅಮ್ಮ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಸೆರಗು ಬಿಗಿ ಮಾಡಿಕೊಂಡು ಮನೆ ಕಡೆ ತಿರುಗಿದಳು.

"ಸೋಪು ಒಸಿ ಕಮ್ಮಿ ಹಾಕ್ರಪ್ಪ. ಎಮ್ಮೆ ಕುಡಿಯೋ ನೀರು."